ಆಯಿಲ್ ಮುಚ್ಚಳ ಕಳಕೊಂಡವರು

ಇಪ್ಪತ್ತೈದು ವರ್ಷದಿಂದ ಜಮಖಂಡಿಯಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದೇನೆ. ಗೇರ್ ಬಾಕ್ಸ್ ಬಿಚ್ಚಿದ ದಿನ ಯಾರೂ ನನ್ನನ್ನು ನಗಿಸಿಲ್ಲ, ಕ್ಲಚ್ ಪ್ಲೇಟ್ ಬದಲಿಸಿದ ದಿನವೂ ಇಲ್ಲ. ಆದರೆ ಎಂಜಿನ್ ಆಯಿಲ್ ಹಾಕುವ ತೂತಿನ ಮೇಲೆ ಅಂಗೈಯಷ್ಟಗಲದ ಒಂದು ಮುಚ್ಚಳ ಇರುತ್ತದಲ್ಲ, ಅದರ ಹತ್ತಿರ ಯಾರಾದರೂ ಕೈ ಒಯ್ದರೆಂದರೆ ಒಂದಿಲ್ಲೊಂದು ಆಗಿಯೇ ತೀರುತ್ತದೆ.

ಅದನ್ನು ನೋಡಿಕೊಳ್ಳುವುದು ದೊಡ್ಡ ವಿದ್ಯೆಯೇನಲ್ಲ. ಎಂಜಿನ್ ತಣ್ಣಗಾದ ಮೇಲೆ ತಿರುವಿ ತೆಗೆಯಬೇಕು. ಒಳಮೈ ನೋಡಬೇಕು. ಸುತ್ತಲಿನ ರಬ್ಬರ್ ರಿಂಗು ಸೀಳಿದ್ದರೆ, ಕಲ್ಲಿನಂತೆ ಗಟ್ಟಿಯಾಗಿದ್ದರೆ ಬದಲಿಸಬೇಕು. ಒರೆಸಿ, ಬಿಗಿಯಾಗುವ ತನಕ ತಿರುವಿ ಹಾಕಬೇಕು. ಉಪ್ಪಿನಕಾಯಿ ಭರಣಿಯ ಮುಚ್ಚಳ ಹಾಕಲು ಬಂದವರಿಗೆ ಇದೂ ಬರುತ್ತದೆ. ಆದರೆ ನಮ್ಮ ಕಡೆ ಉಪ್ಪಿನಕಾಯಿ ಭರಣಿಯನ್ನು ಗಂಡಸರ ಕೈಗೆ ಕೊಡುವುದಿಲ್ಲ, ಗಾಡಿ ಕೊಟ್ಟುಬಿಡುತ್ತಾರೆ.

ಬೆಣ್ಣಿ

ಮುಧೋಳದ ಬೆಲ್ಲದ ವ್ಯಾಪಾರಿಯೊಬ್ಬರು ಒಂದು ಚಳಿಗಾಲದ ಮುಂಜಾನೆ ಫೋನ್ ಮಾಡಿದರು. ದನಿ ಕೇಳಿದರೆ ಮನೆಯಲ್ಲಿ ಯಾರಿಗೋ ಹೆಚ್ಚುಕಡಿಮೆ ಆಗಿರಬೇಕು ಅನ್ನಿಸಿತು.

"ಮಿಸ್ತ್ರಿ, ನಮ್ಮ ಗಾಡಿ ಹೋತು."

"ಯಾರ ಒಯ್ದರ್ರಿ?"

"ಕಳವು ಆಗಿಲ್ಲೋ. ಎಂಜಿನ್ ಹೋತು. ನೀ ಬಾ."

ಹೋದೆ. ಸಾವಕಾರರು ಪಡಸಾಲೆಯಲ್ಲಿ ಕೂತಿದ್ದರು. ಎದುರಿಗೆ ಸ್ಟೀಲಿನ ತಾಟು. ತಾಟಿನಲ್ಲಿ ಅವರ ಕಾರಿನ ಆಯಿಲ್ ಮುಚ್ಚಳ, ಅಂಗಾತ. ಒಳಮೈಗೆ ಬೆಣ್ಣೆ ಸವರಿದಂತೆ ಬಿಳಿ ಹಳದಿ ನೊರೆ ಮೆತ್ತಿಕೊಂಡಿತ್ತು. ಮೊಬೈಲಿನಲ್ಲಿ ಮೂರು ವಿಡಿಯೋ ನೋಡಿದ್ದರಂತೆ. ಮೂರರಲ್ಲೂ, ಹೀಗೆ ಬಂದರೆ ನೀರು ಆಯಿಲ್ಲಿಗೆ ಇಳಿದಿದೆ, ಎಂಜಿನ್ ಬಿಚ್ಚಬೇಕು ಅಂದಿದ್ದರಂತೆ.

ನಾನು ಬಾನೆಟ್ ಎತ್ತಿ ನೋಡಿದೆ. ರೇಡಿಯೇಟರ್ ನೀರು ಎಷ್ಟಿರಬೇಕೋ ಅಷ್ಟಿತ್ತು. ಡಿಪ್ ಸ್ಟಿಕ್ ಎಳೆದೆ, ಆಯಿಲ್ ಚೊಕ್ಕಾಗಿತ್ತು. ಮುಚ್ಚಳ ಹಾಕಿ, ಚಾಲೂ ಮಾಡಿ ಬಿಸಿಯಾಗುವ ತನಕ ಬಿಟ್ಟೆ, ಬಿಳಿ ಹೊಗೆಯೂ ಇಲ್ಲ.

"ಸಾವಕಾರ್ರ, ದಿನಾ ಎಷ್ಟ ದೂರ ಓಡಸ್ತೀರಿ?"

"ಮನಿಯಿಂದ ಅಂಗಡಿಗೆ. ಅಂಗಡಿಯಿಂದ ಮನಿಗೆ."

"ಅಂಗಡಿ ಎಲ್ಲೈತ್ರಿ?"

ಸಾವಕಾರರು ಬೆರಳು ತೋರಿಸಿದರು. ಪಡಸಾಲೆಯಲ್ಲಿ ಕೂತಲ್ಲಿಂದಲೇ ಅಂಗಡಿಯ ಬೋರ್ಡು ಓದಬಹುದಿತ್ತು.

ನಾನು ತಿಳಿಸಿ ಹೇಳಿದೆ. ಎಂಜಿನ್ ಬಿಸಿಯಾಗುವ ಮೊದಲೇ ನೀವು ಬಂದ್ ಮಾಡುತ್ತೀರಿ. ಒಳಗಿನ ಆವಿ ಹೊರಗೆ ಹೋಗದೆ ತಣಿದು ನೀರಾಗಿ, ಆಯಿಲ್ ಜೊತೆ ಕಲೆತು, ಮುಚ್ಚಳಕ್ಕೆ ಮೆತ್ತಿಕೊಳ್ಳುತ್ತದೆ. ಚಳಿಗಾಲದಲ್ಲಿ ಜಾಸ್ತಿ. ಎಂಜಿನ್ನಿಗೆ ಏನೂ ಆಗಿಲ್ಲ. ವಾರಕ್ಕೆ ಎರಡು ಮೂರು ಸಲ ಅರ್ಧ ತಾಸು ಓಡಿಸಿದರೆ ತಾನೇ ಹೋಗುತ್ತದೆ.

ಸಾವಕಾರರಿಗೆ ಇದು ಎಂಜಿನ್ ಹೋದದ್ದಕ್ಕಿಂತ ದೊಡ್ಡ ಕಷ್ಟವಾಗಿ ಕಂಡಿತು.

"ಡಾಕ್ಟರ್ ನನಗ ದಿನಾ ಅರ್ಧ ತಾಸು ಅಡ್ಡಾಡು ಅಂದಾರ. ನೀ ಗಾಡಿ ಅಡ್ಡಾಡಸು ಅಂತಿ. ಎರಡೂ ಮಾಡಕೋತ ಕುಂತ್ರ ನಾ ವ್ಯಾಪಾರ ಯಾವಾಗ ಮಾಡ್ಲಿ?"

"ಹಂಗಾದ್ರ ಅಂಗಡಿಗೆ ನಡಕೋತ ಹೋಗ್ರಿ. ಗಾಡಿ ವಾರಕ್ಕೊಮ್ಮೆ ಬೀಳಗಿ ತನಕ ಒಯ್ದು ತರ್ರಿ."

"ನಡಕೋತ ಹೋದ್ರ ಮಂದಿ ಗಾಡಿ ಮಾರಿದ್ರೇನು ಅಂತ ಕೇಳ್ತಾರ."

ತಿಂಗಳ ಮೇಲೆ ಆ ಕಡೆ ಹೋದಾಗ ನೆನಪಾಗಿ ಅವರ ಬಾನೆಟ್ ಎತ್ತಿದೆ. ಮುಚ್ಚಳ ತೆಗೆದರೆ ಒಳಮೈ ಫಳಫಳ ಅನ್ನುತ್ತಿತ್ತು. ನನಗೆ ಸಂತೋಷವಾಯಿತು. ಮಾತು ಕೇಳುವ ಗಿರಾಕಿ ಸಿಗುವುದು ಅಪರೂಪ.

"ಭಾಳ ಛಲೋ ಆತ್ರಿ ಸಾವಕಾರ್ರ. ದಿನಾ ಓಡಸಾಕತ್ತೀರಿ ಅಂತ ಕಾಣಸ್ತೈತಿ."

"ಎಲ್ಲಿ ಓಡಸ್ಲಿ ಮಾರಾಯಾ. ಕೆಲಸದಾಕಿಗೆ ಹೇಳೇನಿ. ದಿನಾ ಭಾಂಡೆ ತಿಕ್ಕುವಾಗ ಅದನ್ನೂ ಒಂದೀಟ ತಿಕ್ಕಿಬಿಡ್ತಾಳ."

ಹೊಳಿ ನೀರು

ಗಲಗಲಿಯ ಒಂದು ಒಕ್ಕಲುತನದ ಮನೆಗೆ ಹೊಸ ಕಾರು ಬಂತು. ಕುಂಕುಮ ಹಚ್ಚಿದರು, ಕಾಯಿ ಒಡೆದರು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಅಲ್ಲಿಗೆ ಮುಗಿಯಬೇಕಿತ್ತು. ಮನೆಯ ಹಿರಿಯಾಕೆ ತಂಬಿಗೆ ಹಿಡಿದುಕೊಂಡು ಬಂದು, "ಮನಿಗೆ ಬಂದವರಿಗೆ ಮೊದಲ ನೀರ ಕೊಡೂದು ನಮ್ಮ ಪದ್ಧತಿ. ಇದರ ಬಾಯಿ ಎಲ್ಲೈತಿ?" ಅಂದರು.

ಮಗ ಡಿಗ್ರಿ ಓದಿದವ. ತಾಯಿಯ ಮಾತು ಮೀರಬಾರದು, ಗಾಡಿಗೂ ತೊಂದರೆ ಆಗಬಾರದು ಅಂತ ವಿಚಾರ ಮಾಡಿದ. ಬಾನೆಟ್ ಎತ್ತಿ, ಇದ್ದ ಮುಚ್ಚಳಗಳಲ್ಲಿ ಕೈಗೆ ಸುಲಭವಾಗಿ ಬಂದದ್ದನ್ನು ತಿರುವಿ ತೆಗೆದ. ತಾಯಿ ಅರ್ಧ ತಂಬಿಗೆ ಕೃಷ್ಣೆಯ ನೀರನ್ನು ಅದರೊಳಗೆ ಹೊಯ್ದು, ಉಳಿದದ್ದನ್ನು ಮನೆಮಂದಿಯ ತಲೆಗೆ ಚಿಮುಕಿಸಿದರು. ಮರುದಿನ ಕಾರು ನಾಲ್ಕು ಮೈಲಿ ಹೋಗಿ ಕೆಟ್ಟ ಸಪ್ಪಳ ಮಾಡತೊಡಗಿತು. ನನ್ನನ್ನು ಕರೆಸಿದರು.

ಮುಚ್ಚಳ ತೆಗೆದು ನೋಡಿದರೆ ಒಳಗೆ ಹಾಲು ಜಾಸ್ತಿಯಾದ ಚಹಾ. ಆಯಿಲ್ ಪೂರ್ತಿ ಇಳಿಸಿ, ಎಂಜಿನ್ ತೊಳೆದು, ಹೊಸದು ತುಂಬಿದೆ. ದೈವ ಛಲೋ ಇತ್ತು, ಬೇರಿಂಗು ಉಳಿದಿದ್ದವು. ಹೋಗುವಾಗ ಹಿರಿಯಾಕೆಗೆ ಮೆತ್ತಗೆ ಹೇಳಿದೆ.

"ಅವ್ವಾರ, ಇದಕ್ಕ ನೀರ ಆಗಿ ಬರಾಂಗಿಲ್ರಿ. ಎಂಜಿನ್ ಸತ್ತ ಹೋಗ್ತಿತ್ತು."

ಆಕೆ ಮಗನ ಕಡೆ ತಿರುಗಿದರು. "ಹೊಳಿ ನೀರ ಕುಡದು ನಮ್ಮ ಎಮ್ಮಿ ಹದಿನೆಂಟ ವರ್ಷ ಬದುಕಿತು. ಅರ್ಧ ತಂಬಿಗಿ ತಡಕೊಳ್ಳಾಕ ಆಗಲಾರದ್ದನ್ನ ತಂದೀಯಲ್ಲ, ಹಲ್ಲ ನೋಡಿ ತರಬೇಕಿಲ್ಲೇನು?"

ಗ್ಯಾರಂಟಿ ಬಣ್ಣ

ರಬಕವಿಯ ಒಬ್ಬ ಸೀರೆ ವ್ಯಾಪಾರಿ. ಮಾತಿನಲ್ಲಿ ಜಾಣ. ಅವರ ಅಂಗಡಿಗೆ ಕರವಸ್ತ್ರ ತರಲು ಹೋದವರು ಸೀರೆ ಹೊತ್ತುಕೊಂಡು ಬರುತ್ತಾರೆ. ಒಂದು ಮಧ್ಯಾಹ್ನ ಅವರ ಕಾರು ಹೊಗೆ ಬಿಡುತ್ತ ನನ್ನ ಗ್ಯಾರೇಜಿಗೆ ಬಂತು. ಬಾನೆಟ್ ಎತ್ತಿದೆ. ಎಂಜಿನ್ ತುಂಬ ಆಯಿಲ್ ಸಿಡಿದಿತ್ತು. ಮುಚ್ಚಳ ಇರಬೇಕಾದ ಜಾಗದಲ್ಲಿ ನವಿಲು ಬಣ್ಣದ ಅರಿವೆಯ ಉಂಡೆಯೊಂದು ತಲೆ ಹೊರಗೆ ಹಾಕಿ ಕೂತಿತ್ತು.

"ಇದೇನ್ರಿ?"

"ಝಂಪರ್ ಪೀಸು, ಬ್ಲೌಸ್ ಹೊಲಿಯೋ ಅರಿವಿ. ಹಾದ್ಯಾಗ ಆಯಿಲ್ ನೋಡೂಣು ಅಂತ ತಗದೆ. ಮುಚ್ಚಳ ಬ್ಯಾಟರಿ ಮ್ಯಾಲಿಟ್ಟು ಮರತ ಬಂದೇನಿ. ಎಲ್ಲಿ ಬಿತ್ತೋ. ಗಾಡ್ಯಾಗ ಸ್ಯಾಂಪಲ್ ಇದ್ದುವು, ತುರಕಿದೆ."

ಹೀಗೆಲ್ಲ ಮಾಡಬಾರದು, ಅರಿವೆಯ ಎಳೆ ಬಿಚ್ಚಿ ಒಳಗೆ ಹೋದರೆ ಆಯಿಲ್ ಹೋಗುವ ದಾರಿ ಕಟ್ಟಿಕೊಂಡು ಎಂಜಿನ್ನೇ ಜಾಮ್ ಆಗುತ್ತದೆ ಅಂತ ಬೈದೆ. ಬೈಯುತ್ತಲೇ ಚಿಮಟಿಗೆಯಿಂದ ಹಿಡಿದು, ಒಂದು ಎಳೆಯೂ ಹರಿಯದಂತೆ, ಜೀವ ಕೈಯಲ್ಲಿ ಹಿಡಿದುಕೊಂಡು ಎಳೆದೆ. ಪೂರ್ತಿ ಬಂತು. ಹೊಸ ಮುಚ್ಚಳ ಹಾಕಿದೆ. ಅಷ್ಟರಲ್ಲಿ ವ್ಯಾಪಾರಿ ಆ ಅರಿವೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ನನ್ನ ಬೈಗುಳ ಒಂದೂ ಅವರ ಕಿವಿಗೆ ಬಿದ್ದಿರಲಿಲ್ಲ.

"ಮಿಸ್ತ್ರಿ, ಇಲ್ಲೆ ನೋಡು. ಕುದಿಯೋ ಆಯಿಲ್ ಒಳಗಿತ್ತು. ಬಣ್ಣ ಬಿಟ್ಟೈತೇನು?"

ನೋಡಿದೆ. ಮೇಲಿನ ಕಪ್ಪನ್ನು ಒರೆಸಿದರೆ ನವಿಲು ಬಣ್ಣ ಇದ್ದ ಹಾಗೇ ಇತ್ತು. "ಬಿಟ್ಟಿಲ್ರಿ" ಅಂದೆ. ಆ ಒಂದು ಮಾತು ನಾನು ಆಡಬಾರದಿತ್ತು.

ಅವತ್ತೇ ತಮ್ಮ ಅಂಗಡಿಯಲ್ಲಿ ಆ ಝಂಪರ್ ಪೀಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಬಂದವರಿಗೆಲ್ಲ, "ಎಂಜಿನ್ ಆಯಿಲ್ ಒಳಗ ಕುದಸಿದ್ರೂ ಬಣ್ಣ ಬಿಡಾಂಗಿಲ್ಲ, ಬೇಕಾದ್ರ ಜಮಖಂಡಿ ಮಿಸ್ತ್ರೀನ ಕೇಳ್ರಿ" ಅಂತ ನನ್ನ ಸಾಕ್ಷಿ ಹಾಕಿ ಮಾರತೊಡಗಿದರು. ಸೀರೆ ಹೋಗಿದ್ದೇ ಹೋಗಿದ್ದು. ನನ್ನ ಹೆಂಡತಿಯೂ ಒಂದು ತಂದಳು. ಮೊದಲ ಸಲ ತೊಳೆದ ದಿನ ಬಕೆಟ್ ತುಂಬ ನವಿಲು ಕುಣಿಯಿತು. ಜೊತೆಗೆ ನೆನೆಹಾಕಿದ್ದ ನನ್ನ ಆರು ಬನಿಯನ್ನುಗಳು ಅದೇ ಬಣ್ಣಕ್ಕೆ ತಿರುಗಿದವು.

ಸೀರೆ ಹಿಡಿದುಕೊಂಡು ಇಬ್ಬರೂ ಅಂಗಡಿಗೆ ಹೋದೆವು. ವ್ಯಾಪಾರಿ ಕೂಡ್ರಿಸಿ ಚಹಾ ತರಿಸಿದರು. ಪೂರ್ತಿ ಕೇಳಿಕೊಂಡರು. ಆಮೇಲೆ ಬಹಳ ವಿನಯದಿಂದ ಹೇಳಿದರು.

"ಅಕ್ಕಾರ, ನೀವು ನೀರಿನ್ಯಾಗ ತೊಳದ್ರಿ. ನೀರಿಗೆ ನಾವು ಗ್ಯಾರಂಟಿ ಕೊಟ್ಟೇ ಇಲ್ಲ."

ಟೋಪಿ

ಬೀಳಗಿ ಕಡೆಯ ಒಂದು ಸರ್ಕಾರಿ ಕಚೇರಿ. ಯಾವುದು ಅಂತ ಹೇಳುವುದಿಲ್ಲ, ಅವರ ಜೀಪು ಇನ್ನೂ ನನ್ನ ಹತ್ತಿರವೇ ಬರುತ್ತದೆ. ಅದರ ಡ್ರೈವರ್ ಒಂದು ದಿನ ಬಂದ. ಆಯಿಲ್ ಮುಚ್ಚಳ ಎಲ್ಲೋ ಬಿದ್ದುಹೋಗಿತ್ತು. ಆ ಜಾಗಕ್ಕೆ ಸೈಕಲ್ ಟ್ಯೂಬಿನ ತುಂಡು ಬಿಗಿದಿದ್ದ.

"ನನ್ನ ಹತ್ರ ಇದರ ಕ್ಯಾಪ್ ಐತಿ. ಹಚ್ಚಿಬಿಡ್ತೇನಿ, ತಡಿ" ಅಂದೆ.

"ಬ್ಯಾಡ್ರಿ. ಹಚ್ಚಿದ್ರ ಯಾರನ್ನ ಕೇಳಿ ಹಚ್ಚಿದಿ ಅಂತಾರ. ಹಚ್ಚಲಿಲ್ಲಂದ್ರ ಯಾರೂ ಏನೂ ಅನ್ನಾಂಗಿಲ್ಲ. ಟ್ಯೂಬ್ ಅಷ್ಟ ಬದಲಿ ಮಾಡ್ರಿ."

ಹೊಸ ಮುಚ್ಚಳ ಬೇಕೆಂದು ಆತ ಕಚೇರಿಗೆ ಬರೆದು ಕೊಟ್ಟಿದ್ದ ಅರ್ಜಿಗೆ, ಹಳೆಯ ಮುಚ್ಚಳ ಜಮಾ ಮಾಡಿ ಹೊಸದು ಪಡೆಯತಕ್ಕದ್ದು ಅಂತ ಉತ್ತರ ಬಂದಿತ್ತು. ಹಳೆಯದು ಕಳೆದಿದೆ ಅಂತ ಬರೆದ. ಕಳೆದ ಸ್ಥಳದ ಪಂಚನಾಮೆ ಬೇಕು ಅಂದರು. ಎಲ್ಲಿ ಬಿತ್ತು ಅಂತ ಗೊತ್ತಿದ್ದರೆ ಎತ್ತಿಕೊಂಡೇ ಬರುತ್ತಿದ್ದ. ಆದರೂ ಇಬ್ಬರು ಪಂಚರನ್ನು ಕರೆದುಕೊಂಡು ಹೋಗಿ, ನೆರಳಿದ್ದ ಒಂದು ಜಾಗ ನೋಡಿ ಕೂತು, 'ಸದರಿ ಸ್ಥಳದಲ್ಲಿ ಮುಚ್ಚಳ ಕಂಡುಬರಲಿಲ್ಲ' ಅಂತ ಬರೆಸಿ ಸಹಿ ಹಾಕಿಸಿದ. ಫೈಲು ಮುಂದೆ ಹೋಯಿತು.

ಮುಂದಿನ ಟೇಬಲ್ಲಿನ ಗುಮಾಸ್ತರಿಗೆ ಆಡಳಿತದಲ್ಲಿ ಕನ್ನಡ ಇರಬೇಕೆಂಬ ಹಟ. ಅವರು 'ಎಂಜಿನ್ ಆಯಿಲ್ ಕ್ಯಾಪ್' ಅನ್ನುವುದನ್ನು ಹೊಡೆದುಹಾಕಿ 'ಎಂಜಿನ್ನಿನ ತೈಲದ ಟೋಪಿ' ಅಂತ ಮಾಡಿದರು. ಅದರ ಮುಂದಿನ ಟೇಬಲ್ಲಿನವರು ಅದನ್ನು ಮೂರು ಸಲ ಓದಿದರು. ಎಂಜಿನ್ ಟೋಪಿ ಹಾಕಿಕೊಳ್ಳುವುದಿಲ್ಲ ಅನ್ನುವಷ್ಟು ಅವರಿಗೆ ಗೊತ್ತಿತ್ತು. ಬೆರಳಚ್ಚಿನ ತಪ್ಪೆಂದು 'ಚಾಲಕನ ಟೋಪಿ' ಅಂತ ತಿದ್ದಿ ಮಂಜೂರು ಮಾಡಿದರು.

ಒಂದು ದಿನ ಡ್ರೈವರ್ ಮತ್ತೆ ಗ್ಯಾರೇಜಿಗೆ ಬಂದ. ತಲೆಯ ಮೇಲೆ ಹೊಸ ಖಾಕಿ ಟೋಪಿ. ಜೀಪಿನಿಂದ ಆಯಿಲ್ ವಾಸನೆ. ಸಾಹೇಬರೂ ಜೊತೆಗಿದ್ದರು, ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಇಳಿದರು.

"ಏನಪಾ, ಇನ್ನೂ ಸೋರಾಕತ್ತೈತಿ. ಹೊಸಾದು ಮಂಜೂರ ಆಗೇತಿ ಅಂತ ನಾನ ಸಹಿ ಮಾಡೇನಿ. ಹಾಕಿಲ್ಲೇನು?"

ಡ್ರೈವರ್ ಟೋಪಿ ಮುಟ್ಟಿಕೊಂಡ. "ಹಾಕ್ಯಾರ್ರಿ ಸಾಹೇಬ್ರ. ಗಾಡಿಗೆ ಅಲ್ಲ, ನನಗ ಹಾಕ್ಯಾರ್ರಿ."

ಸನ್ಮಾನ

ಇಷ್ಟು ಹೊತ್ತು ಬೇರೆಯವರ ಮೇಲೆ ನಕ್ಕೆ. ಇದು ನನ್ನದು.

ಬನಹಟ್ಟಿಯಲ್ಲಿ ಒಂದು ಸಂಘದವರು ವಾಹನ ಸುರಕ್ಷತೆಯ ಕಾರ್ಯಕ್ರಮ ಇಟ್ಟುಕೊಂಡರು. ಮುಖ್ಯ ಅತಿಥಿ ಊರಿನ ಒಬ್ಬ ಮುಖಂಡರು. ಚುನಾವಣೆ ಹತ್ತಿರ ಬಂದಿತ್ತು, ಹಾಗಾಗಿ ಕರೆದಲ್ಲೆಲ್ಲ ಹೋಗುತ್ತಿದ್ದರು. ಗಾಡಿಯನ್ನು ಮನೆಯಲ್ಲೇ ಹೇಗೆ ತಪಾಸಣೆ ಮಾಡಬೇಕು ಅಂತ ತೋರಿಸಲು ನನ್ನನ್ನು ಕರೆದಿದ್ದರು. ಮುಖಂಡರು ತಮ್ಮ ಕಾರನ್ನೇ ವೇದಿಕೆಯ ಮುಂದೆ ತರಿಸಿದರು. "ನಮ್ಮ ಗಾಡೀನ ಬಿಚ್ಚಿ ತೋರಸು ಮಿಸ್ತ್ರಿ. ನಮ್ಮದೇನೂ ಮುಚ್ಚುಮರಿ ಇಲ್ಲ" ಅಂದರು. ಚಪ್ಪಾಳೆ ಬಿತ್ತು.

ನನಗೂ ಹುರುಪು ಬಂತು. ಬಾನೆಟ್ ಎತ್ತಿ, ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ಆಯಿಲ್ ಮುಚ್ಚಳ ಹಿಡಿದು ಭಾಷಣ ಮಾಡಿದೆ. "ರಬ್ಬರ್ ರಿಂಗ್ ನೋಡ್ರಿ. ಒಳಗ ಹೊಲಸು ಐತೇನು ನೋಡ್ರಿ. ಎಲ್ಲಕ್ಕಿಂತ ಮುಖ್ಯ, ತಗದ ಮುಚ್ಚಳ ಎಲ್ಲೂ ಇಡಬ್ಯಾಡ್ರಿ. ಕೈಯಾಗ ಹಿಡಕೊಂಡ ನಿಲ್ರಿ. ಇಟ್ಟವ ಮರತೇ ಮರೀತಾನ."

ಮತ್ತೆ ಚಪ್ಪಾಳೆ. ಅಷ್ಟರಲ್ಲಿ ಮುಖಂಡರಿಗೆ ಜಮಖಂಡಿಯಲ್ಲಿ ಇನ್ನೊಂದು ಸಭೆಗೆ ಹೊತ್ತಾಯಿತು ಅಂತ ಯಾರೋ ಹೇಳಿದರು. ನನ್ನ ಸನ್ಮಾನ ಈಗಲೇ ಮುಗಿಸೋಣ ಅಂತ ವೇದಿಕೆಗೆ ಎಳೆದುಕೊಂಡು ಹೋದರು. ಶಾಲು ಹೊದಿಸಿದರು, ತಲೆಗೆ ಪಟಗಾ ಸುತ್ತಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮುಖಂಡರ ಕಣ್ಣು ಮುಚ್ಚಿತ್ತು ಅಂತ ಫೋಟೋದವ ಬುಟ್ಟಿಯನ್ನು ಮೂರು ಸಲ ಕೊಡಿಸಿದ. ಮುಖಂಡರು ಇಳಿದು ಕಾರು ಹತ್ತಿದರು. ಡ್ರೈವರ್ ಬಾನೆಟ್ ಮುಚ್ಚಿದ. ಹೊರಟರು.

ನಾನು ಶಾಲು ಹೊದ್ದುಕೊಂಡೇ ಬೈಕಿನಲ್ಲಿ ಜಮಖಂಡಿಗೆ ಬಂದೆ. ಹೆಂಡತಿ ಬುಟ್ಟಿಯಿಂದ ಒಂದೊಂದೇ ಹಣ್ಣು ತೆಗೆದು ಒರೆಸಿ ಇಡತೊಡಗಿದಳು. ಸೇಬು, ಮೋಸಂಬಿ, ದಾಳಿಂಬೆ. ಆಮೇಲೆ ಕೇಳಿದಳು, "ಇದ್ಯಾವ ಹಣ್ಣರಿ?"

ಅವಳ ಕೈಯಲ್ಲಿ ಮುಖಂಡರ ಕಾರಿನ ಆಯಿಲ್ ಮುಚ್ಚಳ ಇತ್ತು.

ಇಪ್ಪತ್ತೈದು ವರ್ಷ ಗಳಿಸಿದ ಹೆಸರು. ಬೆಳಗ್ಗೆಯಷ್ಟೇ ಮುನ್ನೂರು ಜನರ ಮುಂದೆ, ಕೈಯಲ್ಲಿ ಹಿಡಕೊಂಡು ನಿಲ್ಲಿ ಅಂದಿದ್ದೆ. ಫೋನ್ ಬಂತು. ಮುಖಂಡರ ಡ್ರೈವರ್.

"ಮಿಸ್ತ್ರಿ, ಬಾನೆಟ್ ಒಳಗಿಂದ ಹೊಗಿ ಬರಾಕತ್ತೈತಿ. ನೋಡಿದ್ರ ಆಯಿಲ್ ಕ್ಯಾಪ್ ಇಲ್ಲ. ನಡುವ ಒಂದ ಹಳ್ಳ್ಯಾಗ ಹಾರ ಹಾಕಸ್ಕೊಂಡು ಈಗ ಹೊಂಟಿದ್ವಿ. ಜಮಖಂಡಿ ಇನ್ನೂ ಎರಡ ಮೈಲಿ ಐತಿ, ಕಬ್ಬಿನ ಹೊಲದ ಬಾಜೂಕ ನಿಂತೇವಿ."

"ಚಾಲೂ ಮಾಡಬ್ಯಾಡ್ರಿ. ಬಂದೆ."

ಹೆಂಡತಿ ಮುಚ್ಚಳ ಒರೆಸಿ ಕೈಗೆ ಕೊಟ್ಟಳು. "ಏನ ಹೇಳ್ತೀರಿ ಅವರಿಗೆ?"

"ಖರೇನ ಹೇಳ್ತೇನಿ. ತಪ್ಪ ನಂದು."

"ಶಾಲು ವಾಪಸ್ ಕೇಳಿದ್ರ?"

"ಕೊಡ್ತೇನಿ."

ಅವಳು ಹಣ್ಣಿನ ಬುಟ್ಟಿಯನ್ನು ಸೆರಗಿನ ಮರೆಗೆ ಸರಿಸಿಕೊಂಡಳು.

ಹೋಗಿ ನೋಡಿದರೆ ಕಾರಿನ ಸುತ್ತ ಜಾತ್ರೆಯಂತೆ ಮಂದಿ. ಒಬ್ಬ ಬೆಂಬಲಿಗ ಕಲ್ಲಿನ ಮೇಲೆ ಹತ್ತಿ, ಇದು ವಿರೋಧಿಗಳ ಸಂಚು, ನಮ್ಮ ನಾಯಕರ ಜೀವಕ್ಕೆ ಅಪಾಯ ಇದೆ ಅಂತ ಕೂಗುತ್ತಿದ್ದ. ಇಬ್ಬರು ಪತ್ರಕರ್ತರು ಬರೆದುಕೊಳ್ಳುತ್ತಿದ್ದರು. ಕಿಸೆಯಲ್ಲಿ ಮುಚ್ಚಳ ಬಿಸಿ ಕೆಂಡದಂತೆ ಅನ್ನಿಸಿತು. ಮುಖಂಡರನ್ನು ಗಾಡಿಯ ಹಿಂದೆ ಕರೆದೊಯ್ದು ಎಲ್ಲ ಹೇಳಿದೆ. ಬುಟ್ಟಿಯ ಸಂಗತಿಯನ್ನೂ ಹೇಳಿದೆ. ಮುಚ್ಚಳ ತೋರಿಸಿದೆ. ಕಪಾಳಕ್ಕೆ ಹೊಡೆಯುತ್ತಾರೇನೋ ಅಂತ ಕಾದೆ.

ಅವರು ಪತ್ರಕರ್ತರ ಕಡೆ ಒಮ್ಮೆ ನೋಡಿ ಕೇಳಿದರು, "ಇದನ್ನ ಮತ್ತ ಯಾರಿಗೆ ಹೇಳೀದಿ?"

"ನನ್ನ ಹೆಂಡ್ತಿಗಷ್ಟ ಗೊತ್ತೈತ್ರಿ."

"ಅಷ್ಟಕ್ಕ ಇರಲಿ. ಎರಡ ತಿಂಗಳಾತು, ಪೇಪರಿನ್ಯಾಗ ನನ್ನ ಫೋಟೋ ಬಂದಿಲ್ಲ. ಇವತ್ತ ಕೂಡಿ ಬಂದೈತಿ. ನೀ ನಡುವ ಬಂದು ಕೆಡಸಬ್ಯಾಡ."

"ಸಾಹೇಬ್ರ, ಆದ್ರ ಸುಮ್ಮ ಸುಮ್ಮನ ಅವರ ಮ್ಯಾಲ ಹೊರಸಿದಂಗ ಆಗ್ತೈತಲ್ರಿ."

"ಅವರೇನ ನನ್ನ ಮ್ಯಾಲ ವಿಚಾರ ಮಾಡಿ ಹೊರಸ್ತಾರೇನು?" ಅಂದವರೇ ದನಿ ಏರಿಸಿದರು. "ಮಿಸ್ತ್ರಿ, ಹೊಸಾ ಮುಚ್ಚಳ ಹಾಕು. ನಾವು ಯಾರಿಗೂ ಅಂಜಾಂಗಿಲ್ಲ."

ನಾನು ಎಂಜಿನ್ ಒರೆಸಿ, ಹೋದಷ್ಟು ಆಯಿಲ್ ತುಂಬಿ, ಮುಚ್ಚಳ ತಿರುವಿದೆ. ಕಲ್ಲಿನ ಮೇಲಿದ್ದವ ಇಳಿದು ಬಂದು ನನ್ನ ಬೆನ್ನು ತಟ್ಟಿ, "ಅಳತಿ ಕೇಳಲಿಲ್ಲ, ಏನಿಲ್ಲ, ಕರೆಕ್ಟ್ ಮುಚ್ಚಳ ತಂದಾನ ನೋಡ್ರಿ. ಮಿಸ್ತ್ರಿ ಅಂದ್ರ ಹಿಂಗಿರಬೇಕು" ಅಂದ.

ಮರುದಿನ ಪತ್ರಿಕೆಯಲ್ಲಿ ಬಂತು. ಮುಖಂಡರ ವಾಹನಕ್ಕೆ ಹಾನಿ, ಸಂಚಿನ ಶಂಕೆ. ಎರಡು ಕಾಲಂ, ಫೋಟೋ ಸಮೇತ. ಮಾಡಿದವ ನಾನು, ಹೊತ್ತವರು ಯಾರೋ. ಇವತ್ತೇ ಹೋಗಿ ಆ ವಿರೋಧ ಪಕ್ಷದ ಮುಖಂಡರ ಕಾಲು ಹಿಡಿದು ನಿಜ ಹೇಳಿಬಿಡಬೇಕು ಅಂತ ನಿಶ್ಚಯ ಮಾಡಿ ಗ್ಯಾರೇಜ್ ತೆರೆದೆ. ತೆರೆದು ಕಸ ಹೊಡೆಯುವಷ್ಟರಲ್ಲಿ ಅವರ ಕಾರೇ ಬಂದು ನಿಂತಿತು.

ಅವರೊಬ್ಬರೇ ಇಳಿದರು. ಅವರು ಬಾಯಿ ತೆರೆಯುವ ಮೊದಲೇ ನಾನು ಕೈ ಮುಗಿದು ಎಲ್ಲ ಒದರಿದೆ. "ನಿಮ್ಮ ಮಂದಿ ತಪ್ಪೇನೂ ಇಲ್ರಿ. ಮುಚ್ಚಳ ನನ್ನ ಬುಟ್ಟ್ಯಾಗ ಇತ್ತು. ನಾ ಎಲ್ಲಿ ಬೇಕಾದ್ರೂ ಬಂದು ಹೇಳ್ತೇನ್ರಿ."

ಅವರು ಸ್ಟೂಲಿನ ಮೇಲೆ ಕೂತರು. ಸಿಟ್ಟಿನ ಸುಳಿವೇ ಇಲ್ಲ.

"ನಮ್ಮವರು ಕದ್ದಿಲ್ಲ ಅಂತ ನಮಗ ಗೊತ್ತಿರಾಂಗಿಲ್ಲೇನು ಮಿಸ್ತ್ರಿ? ನೀ ಎಲ್ಲೂ ಬರೂದು ಬ್ಯಾಡ, ಯಾರಿಗೂ ಹೇಳೂದು ಬ್ಯಾಡ."

"ಹಂಗಾದ್ರ ನೀವು ಬಂದದ್ದು?"

ಅವರು ಎದ್ದು ರಸ್ತೆಯ ಎರಡೂ ಬದಿ ನೋಡಿದರು. ತಮ್ಮ ಕಾರಿನ ಬಾನೆಟ್ಟನ್ನು ತಾವೇ ಎತ್ತಿದರು. ನನ್ನ ಕಿವಿಯ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದರು.

"ನಮ್ಮದೂ ಏನರ ಒಂದ ತಗೀ. ಆದ್ರ ದೊಡ್ಡ ಸಾಮಾನ ತಗೀ. ಬರೇ ಮುಚ್ಚಳಕ್ಕ ಅವ ಎರಡ ಕಾಲಂ ಬಂದಾನ."